ರಾತ್ರಿ ಹತ್ತರವರೆಗೆ ತೆರೆದಿದೆ

ಬೆಲೆಚೀಟಿ ಅಂಟಿಸುವ ಯಂತ್ರ ಅಮ್ಮನ ಕೈಯಲ್ಲಿ,
ಚಕ್-ಟಿಕ್, ಚಕ್-ಟಿಕ್.
ಮೊಸರಿನ ಡಬ್ಬಿ, ಸಾಬೂನು, ಬೆಂಕಿಪೊಟ್ಟಣ.
ನಾನು ಬಿಯರ್ ಕ್ರೇಟಿನ ಮೇಲೆ ಕೂತು
ಮನೆಲೆಕ್ಕ ಮಾಡುತ್ತ ಕಾಲು ಕುಣಿಸುತ್ತಿದ್ದೆ.
ಅದು ತಾಳ ಅಂತ ಆಗ ಗೊತ್ತಿರಲಿಲ್ಲ.

ಖೆಬ್ ಪಟ್ಟಣದಲ್ಲಿ, ಜರ್ಮನಿಯ ಗಡಿಗೆ ಒಂದು ಕೂಗಳತೆ ಈಚೆ,
ಗುರುತಿಲ್ಲದವರನ್ನು ‘ನೀವು’ ಅನ್ನುತ್ತಾರೆ.
ಅಂಚೆಯವನಿಗೆ ನೀವು,
ಕುಡಿದು ಚರಂಡಿ ಹಿಡಿದವನಿಗೂ ನೀವು,
ಅಮ್ಮನಿಗೆ ಮಾತ್ರ: ಏ ನೀನು, ಸಿಗರೇಟು ಕೊಡು.
ನಿನ್ನೆ ಮೀಸೆ ಚಿಗುರಿದವನು ಕೂಡ.
ಅಮ್ಮ ಚಿಲ್ಲರೆ ಎಣಿಸಿ
ಎರಡೂ ಕೈಯಲ್ಲಿ ಕೊಡುತ್ತಾಳೆ.

ಶಾಲೆಯಲ್ಲಿ ನನ್ನ ಹೆಸರು ಲೆಂಕಾ.
ಝಿಯೆಮ್ ಅನ್ನೋದು ಟೀಚರ ನಾಲಗೆಗೆ ಹತ್ತಲಿಲ್ಲವಂತೆ.
ಅವರದೊಂದು ಅಕ್ಷರವಿದೆ,
ರಕಾರ ಝಕಾರ ಒಂದೇ ಉಸಿರಲ್ಲಿ ಕಿತ್ತಾಡುವಂಥದ್ದು;
ಅದು ಮಾತ್ರ ನನ್ನ ನಾಲಗೆಗೆ ಹತ್ತಲೇಬೇಕಿತ್ತು.
ಅವರ ಮೂಲಂಗಿಯಲ್ಲಿ ಅದೇ, ಅವರ ನದಿಯಲ್ಲೂ ಅದೇ.
ದುಡ್ಡಿಗೆ ನನ್ನನ್ನು ಸಾಕಿ, ಆಮೇಲೆ ದುಡ್ಡು ಮರೆತ ಬೊಝೆನಾ ಅಜ್ಜಿ
ಸೂಪು ಕಲಕುತ್ತ ಹೇಳಿಸುತ್ತಿದ್ದಳು:
ಮೂಲಂಗಿ ಅನ್ನು. ಉಗುಳಬೇಡ. ಮೂಲಂಗಿ ಅನ್ನು.

ಮನೆಯಲ್ಲಿ ಬೇರೆ ಕತೆ.
ಅಮ್ಮನ ವಿಯೆಟ್ನಾಮಿಯಲ್ಲಿ ಬಿಡಿ ‘ನಾನು’ ಸುಲಭಕ್ಕೆ ಸಿಗುವುದಿಲ್ಲ.
ಅಮ್ಮನೆದುರು ನಾನು ‘ಮಗು’,
ಅಕ್ಕನೆದುರು ‘ತಂಗಿ’.
ಕೋಣೆಯಲ್ಲಿ ಯಾರೂ ಇಲ್ಲದಾಗ ನಾನು ಏನು?
ಅಮ್ಮ ಅಂದಳು: ಯಾರೂ ಇಲ್ಲದಾಗ ಮಾತು ಯಾಕೆ?

ಹದಿನಾಲ್ಕಕ್ಕೆ ಗೇಜಾ ಸಿಕ್ಕ. ರೋಮಾ ಹುಡುಗ.
ಅಂಗಡಿಗೆ ಬಂದರೆ ಅಮ್ಮನ ಕಣ್ಣು
ಮೂಲೆಯ ಗುಂಡುಗನ್ನಡಿಯಲ್ಲಿ ಅವನ ಜೇಬಿನ ಮೇಲೆ.
‘ನಿಮ್ಮಮ್ಮನೂ’ ಅಂದ. ನಕ್ಕ.
ನನಗೆ ನಗು ಬರಲಿಲ್ಲ.
ಬಸ್ ನಿಲ್ದಾಣದಲ್ಲಿ ಒಂದು ಇಯರ್‌ಫೋನು ಇಬ್ಬರಿಗೆ,
ಒಳಗೆ ಯಾರೋ ಉಸಿರುಗಟ್ಟಿ ಬೈಯುತ್ತಿದ್ದರು,
ಬೈಗುಳಕ್ಕೂ ಪ್ರಾಸ!
ಎದೆ ಬಡಿದು ತಾಳ ಕೊಟ್ಟ: ಈಗ ನೀನು.
ನನ್ನ ಹತ್ತಿರ ಏನಿತ್ತು?
ಬೆಲೆಪಟ್ಟಿ.
ಅದನ್ನೇ ಹೇಳಿದೆ. ಬನ್ನು ಮೂರು ಕ್ರೌನು, ಹಾಲು ಇಪ್ಪತ್ತೊಂದು,
‘ನೀನು’ ಪುಕ್ಕಟೆ, ದಿನಕ್ಕೆ ಎಂಬತ್ತು, ಎಣಿಸಿದ್ದೇನೆ,
ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಗೀಟು ಹಾಕಿದ್ದೇನೆ.
ಆ ಹಾಳುಬಿದ್ದ ಅಕ್ಷರ ಹಲ್ಲಿನ ಸಂದಿಯಲ್ಲಿ
ಗರಗಸದ ಹಾಗೆ ಓಡಿತು.

ರೈಲ್ವೆಯವರ ನೆಲಮಾಳಿಗೆ. ಮೂವತ್ತು ಜನ, ಒದ್ದೆ ಕೋಟಿನ ವಾಸನೆ.
ಮೈಕಿಗೆ ‘ನಾನು’ ಅಂದೆ.
ಗೋಡೆ ತಿರುಗಿ ‘ನಾನು’ ಅಂದಿತು.
ಹಿಂದಿನ ಸಾಲಿನಲ್ಲಿ ಅಮ್ಮ, ಚೀಲ ಮಡಿಲಲ್ಲಿ.
ಮೊದಲ ಸಲ ಏಳಕ್ಕೇ ಬಾಗಿಲು ಹಾಕಿ ಬಂದಿದ್ದಳು.
ಇಡೀ ಹಾಡು ಅವಳಿಗೇ ಹೇಳಿದೆ, ಅವರ ಭಾಷೆಯಲ್ಲಿ,
ನೀವು, ನೀವು, ನೀವು ಅನ್ನುತ್ತ.

ದಾರಿಯಲ್ಲಿ ಕೇಳಿದಳು:
ಅಷ್ಟೊಂದು ‘ನೀವು’ ಯಾರಿಗೆ, ಮೇಯರಿಗಾ?
ಹೇಳಲಿಲ್ಲ. ಚಳಿಗೆ ಮೂಗು ಸೋರುತ್ತಿತ್ತು.

ಮರುದಿನ ಗೇಜಾ ಬನ್ನಿಗೆ ಬಂದ.
ಅಮ್ಮನ ಕಣ್ಣು ಕನ್ನಡಿಗೆ ಹೋಯಿತು, ಹಳೆಯ ರೂಢಿ.
ಆಮೇಲೆ ತನ್ನ ಮುರುಕು ಚೆಕ್‌ನಲ್ಲಿ,
ನಿಧಾನ, ತಪ್ಪು ಜಾಗದಲ್ಲಿ ಒತ್ತು ಕೊಟ್ಟು:
‘ನೀವು… ಏನು ಬೇಕು?’
ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಇದ್ದಾರಾ ಅಂತ.

ಚೀಲಕ್ಕೆ ಎರಡು ಕ್ರೌನು ಮಾತ್ರ ಬಿಡಲಿಲ್ಲ.