ನಲವತ್ತು ಸೆಕೆಂಡು

ಸುಲ್ತಾನ್‌ಪೇಟೆಯ ಮೂರನೇ ಮಹಡಿ. ಶಟರ್ ಎತ್ತಿ,
ಅಂಟಿನ ವಾಸನೆಗೆ ಕಿಟಕಿ ತೆರೆದು, ಗುಂಡಿ ಒತ್ತಿದರೆ
ನಲವತ್ತು ಸೆಕೆಂಡು ಬೇಕು ನನ್ನ ಯಂತ್ರಕ್ಕೆ
ತಾನು ಯಾರೆಂದು ನೆನಪಿಸಿಕೊಳ್ಳಲು.

ಅಷ್ಟು ಹೊತ್ತು ನಡುಪರದೆಯಲ್ಲಿ ಒಂದು ಹಕ್ಕಿಗರಿ,
ಅದರ ಕೆಳಗೆ ಇರುವೆಸಾಲಿನಂತೆ ಹೆಸರುಗಳು.
ಈ ಸಾಫ್ಟ್‌ವೇರ್ ಕಟ್ಟಿದವರಂತೆ.
ಚಹಾ ಬರುವವರೆಗೆ ಓದುತ್ತಿದ್ದೆ. ಒಂಬತ್ತು ವರ್ಷ.
ಡೇವಿಡ್, ಯೂಕೋ, ಮಾರ್ಥಾ, ಒಬ್ಬ ಸೆರ್ಗೇಯ್,
ಕೊನೆಯಿಂದ ಮೂರನೆಯದು: ವೇದವತಿ ಕೆ.

ಯಾವ ವೇದವತಿಯೋ. ತುಮಕೂರಿನವಳೋ, ತಿರುಪತಿಯವಳೋ,
ನನ್ನ ಹಾಗೇ ಟಿಫನ್ ಡಬ್ಬಿಯ ಮುಚ್ಚಳ ಬಿಗಿದುಕೊಂಡರೆ
ಮೇಜಿನಂಚಿಗೆ ಕುಟ್ಟುವವಳೋ.
ಫೈಲ್ ಕೆಟ್ಟು ಮದುವೆ ಗಂಡಿನ ಹೆಸರು
ಚೌಕ ಚೌಕವಾಗಿ ಬಂದ ದಿನ
ಅವಳನ್ನೇ ಬೈದಿದ್ದೆ, ಏಕವಚನದಲ್ಲಿ.
ಬೈಸಿಕೊಳ್ಳುವಷ್ಟು ಹತ್ತಿರದವಳು.

ಆಮೇಲೆ ಒಂದು ಸೋಮವಾರ ತಾನೇ ಅಪ್‌ಡೇಟ್ ಆಯಿತು.
ಗರಿ ಹೋಯಿತು. ಹೆಸರುಗಳು ಹೋದವು.
ಕಿತ್ತಳೆ ಬಣ್ಣದ ಸಂಜೆ, ಸಮುದ್ರ, ನಗುವ ಹುಡುಗಿ,
ತಿಂಗಳಿಗೆ ಇಷ್ಟೇ ರೂಪಾಯಿ ಎಂಬ ಗುಳ್ಳೆ,
ಮೇಲೆ, ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರ ದನಿಯಲ್ಲಿ:
ಮತ್ತೆ ಸ್ವಾಗತ, ಸಬ್ಜಾನ್ ಕಾರ್ಡ್ಸ್ ಎರಡು.

ಎರಡು ಅಂದರೆ ನಾನು.
ಒಂದು, ಕಿಟಕಿ ಪಕ್ಕದ ತಿಪ್ಪೇಶಣ್ಣ.

ತಪ್ಪೇನಿಲ್ಲ. ನಮ್ಮ ಕಸುಬೂ ಅದೇ ತಾನೆ.
ಕಾರ್ಡಿನ ನೆತ್ತಿಗೆ ಯಾರಿರಬೇಕು ಎಂಬುದಕ್ಕೇ
ಅರ್ಧ ದಿನ ಕೂತುಬಿಡುತ್ತಾರೆ ಜನ,
ಗಣಪತಿಯೋ ಮಾದಪ್ಪನೋ, ಚಂದ್ರನೋ ಶಿಲುಬೆಯೋ,
ಈಗೀಗ ಹುಡುಗ ಹುಡುಗಿಯ ಕಾರ್ಟೂನೋ.
ಬಾಗಿಲು ತೆರೆಯಲೆಂದು ಕಾದು ನಿಂತ ಮನುಷ್ಯ
ಏನು ತೋರಿಸಿದರೂ ನೋಡುತ್ತಾನೆ.

ಮೊನ್ನೆ ಬಂದ ಮೇದಿನಿ, ಬೆಳ್ಳಂದೂರಿನ ಕಂಪನಿಯವಳು,
ತನ್ನದೇ ಮದುವೆಗೆ ತಾನೇ ಓಡಾಡುತ್ತಿದ್ದಳು.
ಪರದೆ ನೋಡಿ ನಕ್ಕಳು. "ಇದಕ್ಕೆ ನಮ್ಮಲ್ಲಿ ಜಗಳಾನೇ ಆಗತ್ತೆ.
ಆ ಎರಡು ಸೆಕೆಂಡು ನಮಗೇ ಬೇಕು ಅಂತಾರೆ ಮಾರ್ಕೆಟಿಂಗ್‌ನವರು."
ಇಲ್ಲಿ ನಲವತ್ತು, ಎಂದೆ.
"ಅಯ್ಯೋ, ಗೊತ್ತಾದ್ರೆ ಕುಣೀತಾರೆ."
ಮುಂಚೆ ಹೆಸರುಗಳಿದ್ದವಲ್ಲ? "ಯಾವ ಹೆಸರು?
ಓ, ಅದಾ. ಹಾಕಿದ್ರೆ ಬೇರೆ ಕಂಪನಿಯವರು
ಓದ್ಕೊಂಡು ಎಳ್ಕೊಂಡು ಹೋಗ್ತಾರೆ."

ಅಂದು ಸಂಜೆ, ಸಬ್ಜಾನ್ ಸಾಹೇಬರು ನಮಾಜಿಗೆ ಇಳಿದಾಗ,
ಅವಳ ಕಾರ್ಡಿನ ಬೆನ್ನಿಗೆ, ಪ್ರೆಸ್ಸಿನ ಫೋನ್ ನಂಬರಿನಡಿ,
ನಾಲ್ಕು ಪಾಯಿಂಟಿನಲ್ಲಿ, ಬೂದಿಗಿಂತ ತುಸುವೇ ಕಪ್ಪಾಗಿ
ಅಕ್ಷರ ಜೋಡಣೆ: ಪಾರಿಜಾತ ಟಿ.
ಟೈಪು ಮಾಡುವಾಗ ಏನೂ ಆಗಲಿಲ್ಲ.
ಸೇವ್ ಒತ್ತುವಾಗ ಬೆರಳು ಬೆವರಿತು.

ಪ್ರೂಫ್ ಹೋಯಿತು. ರಾತ್ರಿ ಬಸ್ಸಿನ ಗದ್ದಲದಲ್ಲಿ ಫೋನು:
"ಮೇಡಂ, ಒಂದು ಹೆಸರು..."
ಸುಮನಹಳ್ಳಿ ಸೇತುವೆ ದಾಟುವಷ್ಟು ಹೊತ್ತು ಉಸಿರು ಹಿಡಿದೆ.
"...ನಮ್ಮ ಸೋದರಮಾವಂದು. ನಂಜುಂಡಪ ಅಂತಾಗಿದೆ.
ಒತ್ತು ಹಾಕ್ಬಿಡಿ. ಮಿಕ್ಕಿದ್ದೆಲ್ಲ ಸರಿ ಇದೆ."

ಮಿಕ್ಕಿದ್ದೆಲ್ಲ ಸರಿ ಇದೆ.

ಬೆಳಗ್ಗೆ ಗುಂಡಿ ಒತ್ತಿದೆ. ಸಮುದ್ರ. ಹುಡುಗಿ.
ಸ್ವಾಗತ, ಎರಡು.
ಚಹಾದ ಹುಡುಗ ಗ್ಲಾಸು ಕಿಣಿಕಿಣಿಸುತ್ತ ಮೆಟ್ಟಿಲೇರುತ್ತಿದ್ದ.
ನಂಜುಂಡಪ್ಪನವರಿಗೆ ಒಂದು ಒತ್ತು ಹಾಕಬೇಕಿತ್ತು.
ಕಾದೆ.