ಕರಿಕಾಳು

ಕುಶಾಲನಗರ, ಕೂಡ್ಲೂರು ಕೈಗಾರಿಕಾ ವಲಯ,
ಮೂರನೇ ಶೆಡ್ಡು.
ಇಲ್ಲಿ ಕಾಫಿ ಗೊತ್ತಿರುವವರು ಯಾರೂ ಇಲ್ಲ.

ಸೆಲ್ವಂಗೆ ಸಿಪ್ಪೆ ಗೊತ್ತು.
ಹಲ್ಲರಿನ ಸದ್ದು ಕೂದಲೆಳೆಯಷ್ಟು ಇಳಿದರೂ
ಟೀ ಲೋಟ ಅಲ್ಲೇ ಬಿಟ್ಟು ಓಡುತ್ತಾನೆ.
ಉಮ್ಮರ್‌ಗೆ ಗೋಣಿಯ ಬಾಯಿ ಗೊತ್ತು:
ಹದಿನಾಲ್ಕು ಹೊಲಿಗೆ, ಎರಡು ಕಿವಿ, ಒಂದು ಎಡಗೈ ಗಂಟು.
ಮುದ್ದಯ್ಯನವರಿಗೆ ರುಚಿ ಗೊತ್ತು.
ಸುರ್ರೆಂದು ಎಳೆದು, ಬಾಯೊಳಗೆ ಒಂದು ಸುತ್ತು ತಿರುಗಿಸಿ
ಉಗಿಯುತ್ತಾರೆ.
ನಮ್ಮಲ್ಲಿ ನುಂಗದವರಿಗೇ ಹೆಚ್ಚು ಸಂಬಳ.

ನಾನು ಗುಮಾಸ್ತ. ಯಾರೋ ತೂಗಿದ್ದನ್ನು ಕೂಡುತ್ತೇನೆ.
ಬಿ.ಕಾಂ.ನಲ್ಲಿ ಓದಿದ್ದು ನೆನಪಿದೆ:
ಕೆಲಸ ಹಂಚಿದಷ್ಟೂ ಕೈ ಚುರುಕು, ಸರಕು ಅಗ್ಗ;
ಸಂತೆ ಹಿಗ್ಗಿದಷ್ಟೂ ಒಬ್ಬೊಬ್ಬರ ಪಾಲಿನ ಕೆಲಸ ಸಣ್ಣ.
ಐದು ಅಂಕದ ಪ್ರಶ್ನೆ. ನಾಲ್ಕು ಬಂದಿತ್ತು.
ಕಳೆದುಹೋದ ಆ ಒಂದು ಅಂಕ
ಆರನೇ ಮೇಜಿನಲ್ಲಿ ಕೂತಿದೆ. ಹೆಸರು ಚೋಮಿ.

ಇಪ್ಪತ್ತೆರಡು ವರ್ಷ.
ಒಡಕು ಪಾತುಮ್ಮನದು, ಹುಳುಕು ರೇವತಿಯದು,
ಕಪ್ಪು ಮಾತ್ರ ಇವಳದು.
ಕಣ್ಣು ಕಾಣುವ ಮೊದಲೇ ಬೆರಳು ಕಂಡಿರುತ್ತದೆ.
ಮೊದಲ ವರ್ಷಕ್ಕಿಂತ ಈಗ ಮೂರು ಪಟ್ಟು ಹೆಕ್ಕುತ್ತಾಳೆ,
ಲೆಕ್ಕ ನನ್ನ ಬಳಿ ಇದೆ.
ಕೂಲಿ ಎಷ್ಟು ಪಟ್ಟು ಎಂಬ ಕಾಲಂ ನನ್ನ ಪುಸ್ತಕದಲ್ಲಿಲ್ಲ.

ಮನೆಯಲ್ಲಿ ಉಪ್ಪಿಟ್ಟು ತಿನ್ನುವಾಗಲೂ
ಸಾಸಿವೆ ಒಂದೊಂದೇ ಹೆಕ್ಕಿ ತಟ್ಟೆಯಂಚಿಗೆ ಸಾಲಿಡುತ್ತಾಳಂತೆ.
ಮೊಮ್ಮಗಳು ನಕ್ಕಾಗಲೇ ಅವಳಿಗೆ ಗೊತ್ತಾಗುವುದು.

ಆಯುಧಪೂಜೆಗೆ ಉಮ್ಮರ್ ದಬ್ಬಣ ಇಟ್ಟ,
ಸೆಲ್ವಂ ಸ್ಪ್ಯಾನರು,
ಮುದ್ದಯ್ಯನವರು ಬೆಳ್ಳಿ ಚಮಚ, ನಾನು ಕ್ಯಾಲ್ಕುಲೇಟರು.
ಚೋಮಿ ಬರಿಗೈಲಿ ನಿಂತಿದ್ದಳು.
ಆಮೇಲೆ ಕನ್ನಡಕ ಬಿಚ್ಚಿ ದಬ್ಬಣದ ಪಕ್ಕ ಇಟ್ಟಳು.
ಅದೂ ಈ ಕೆಲಸವೇ ಕೊಡಿಸಿದ್ದು,
ಅವಳದೇ ದುಡ್ಡಲ್ಲಿ.
ಎಲ್ಲಕ್ಕೂ ಬಳಿದಂತೆ ಭಟ್ಟರು ಅದಕ್ಕೂ ಕುಂಕುಮ ಬಳಿದರು,
ಗಾಜಿನ ಮೇಲೇ.

ರಜೆ ಮುಗಿದ ಬೆಳಿಗ್ಗೆ
ಒರೆಸದೆ ಹಾಕಿಕೊಂಡು ಮೇಜಿಗೆ ಬಗ್ಗಿದವಳು
ಹಾಗೇ ಉಳಿದಳು.
"ಹಣ್ಣು" ಅಂದಳು.
ಯಾರಿಗೂ ಅಲ್ಲ.
ಸಿದ್ದಾಪುರದ ತೋಟ, ಸೊಂಟಕ್ಕೆ ಕಟ್ಟಿದ ಚೀಲ,
ಅವ್ವ ಬಗ್ಗಿಸಿ ಹಿಡಿದ ರೆಂಬೆ,
ಒಂದನ್ನು ಬಾಯಿಗೆ ಹಾಕಿ ಸಿಹಿ ಚೀಪಿ ಉಗಿದದ್ದು,
ಇವು ನಾನು ಊಹಿಸಿದ್ದು. ಅವಳು ಹೇಳಿದ್ದು ಅದೊಂದೇ ಮಾತು.

ಸೈರನ್ ಕೂಗಿತು.
ಸೆರಗಿನ ತುದಿಯಿಂದ ಒರೆಸಿಕೊಂಡಳು.
ಎಡಗಾಜಿನ ಮೂಲೆಯಲ್ಲಿ ಚೂರು ಕೆಂಪು ಉಳಿದಿತ್ತು,
ನಾನು ಹೇಳಲಿಲ್ಲ.

ಆ ದಿನ ಆರನೇ ಮೇಜಿನ ಕರಿಕಾಳು
ಮುನ್ನೂರು ಗ್ರಾಂ ಕಡಿಮೆ ಬಂತು.
ಕೂಡುವಾಗ ನಾನೂ ಒಂದು ಕಡೆ ತಪ್ಪಿದೆ.