ರಿಜೆಕ್ಟ್ ಬುಕ್ಕಿನ ಹಿಂದಿನ ಪುಟಗಳು

ಮುಂದಿನ ಪುಟಗಳಲ್ಲಿ ಪ್ಯಾಂಟುಗಳಿವೆ:
ಹೊಲಿಗೆ ತಪ್ಪಿದ್ದು, ಜಿಪ್ಪು ಕಚ್ಚಿದ್ದು,
ಒಂದು ಕಾಲಿಗೆ ಬಣ್ಣ ಹೆಚ್ಚು ಕುಡಿದದ್ದು.
ಕೌಲ್ ಬಜಾರಿನ ಈ ಶೆಡ್ಡಿನಲ್ಲಿ ದಿನಕ್ಕೆ ಆರುನೂರು ಜೀನ್ಸು
ನನ್ನ ಹೆಬ್ಬೆರಳ ಕೆಳಗೆ ಹಾದು ಲಾರಿ ಹತ್ತುತ್ತವೆ.
ಹಿಂದಿನ ಪುಟಗಳು ನನ್ನವು.
ಅಲ್ಲಿ ಬೇಸ್‌ಬಾಲ್.

ಮೊದಲು ಚೆಂಡು.
ಕೆಂಪು ದಾರ, ನೂರೆಂಟು ಜೋಡಿ ಹೊಲಿಗೆ. ಎಣಿಸಿದ್ದೇನೆ.
ಅಮ್ಮಿಯ ತಸ್ಬೀಹಿಗಿಂತ ಒಂಬತ್ತು ಹೆಚ್ಚು,
ಸುಂಕಮ್ಮನ ಅಜ್ಜಿಯ ಜಪಮಾಲೆಗೆ ಸರಿಸಮ.
ಜಲಂಧರದಿಂದ ತರಿಸಿದ ಡಜನ್ನಿನಲ್ಲಿ ನಾಲ್ಕು
ಮೂರನೇ ಏಟಿಗೇ ಬಾಯಿ ಬಿಟ್ಟವು.
ಒಳಗೆ ಉಣ್ಣೆ ಇರಬೇಕಂತೆ.
ಇದ್ದದ್ದು ಸೀರೆಯ ಚಿಂದಿ.
ಸೀರೆ ಮಾತ್ರ ಒಳ್ಳೆಯದು, ಜರಿ ಇತ್ತು.

ಆಮೇಲೆ ಗ್ಲೌಸು.
ಹುಲಿಗೆಮ್ಮ ಎಡಚಿ. ಅವಳಿಗೆ ಬೇಕಾದದ್ದು ಬಲಗೈಯದು.
'ಎಡಗೈಯವರು ಬಳ್ಳಾರೀಲಿ ಎಷ್ಟ್ ಮಂದಿ ಅದಾರಮ್ಮ'
ಅಂದ ಅಂಗಡಿಯವ, ಕ್ರಿಕೆಟ್ ಪ್ಯಾಡು ಒರೆಸುತ್ತ.
ಹನ್ನೆರಡು ಔನ್ಸಿನ ಡೆನಿಮ್ಮು, ಮೂರು ಪದರ,
ಊಟದ ಬಿಡುವಿನಲ್ಲಿ ನಾನೇ ಹೊಲಿದೆ.
ಹೊಲಿದವಳು ನಾನೆಂದು ರಿಯಾಯಿತಿ ಇಲ್ಲ:
ಹೆಬ್ಬೆರಳ ಸಂದು ಸಡಿಲ. ಗುಳಿ ಆಳ ಸಾಲದು.
ಬೆವರಿಗೆ ನೀಲಿ ಬಿಡುತ್ತದೆ.
ಹೆಣ್ಣು ನೋಡಲು ಬಂದವರು ಅಂಗೈ ಕಂಡು
'ಇದೇನಿದು ನೀಲಿ' ಅಂದರಂತೆ.
'ಸೆಂಟರ್ ಫೀಲ್ಡು' ಅಂದಳಂತೆ.
ತೀರ್ಮಾನ: ಪಾಸು. ಗ್ಲೌಸಲ್ಲ, ಹುಡುಗಿ.

ಪುಸ್ತಕ ಒಂದೇ.
ಬ್ರೂಸ್‌ಪೇಟೆಯ ರದ್ದಿ ತಕ್ಕಡಿಯಲ್ಲಿ
ಮುನ್ನೂರ ನಲವತ್ತು ಗ್ರಾಮು ತೂಗಿತು.
ಇಂಗ್ಲಿಷು. ಡಿಕ್ಷನರಿ ಮಗ್ಗುಲಲ್ಲಿಟ್ಟುಕೊಂಡು
ಎರಡು ಬೇಸಿಗೆ ಓದಿದೆ.
ಬರೆದವನು ಸಜ್ಜನ, ಆದರೆ ಹುಲ್ಲಿನ ಮೇಲೆ ಆಡಿದವನು.
ಅವನ ಚೆಂಡು ಹೇಳಿದ ಮಾತು ಕೇಳುತ್ತದೆ,
ನಮ್ಮದು ಗೊರಚಿಗೆ ಬಡಿದು ಹಲ್ಲಿಗೇ ಬರುತ್ತದೆ:
ಇದರ ಬಗ್ಗೆ ಅಧ್ಯಾಯವಿಲ್ಲ.
ಮೇ ತಿಂಗಳ ಮಧ್ಯಾಹ್ನ, ಕಾವಲಿಯಂತೆ ಕಾದ
ಅಲ್ಯೂಮಿನಿಯಂ ಬ್ಯಾಟು ಹಿಡಿಯುವುದು ಹೇಗೆ?
ಇಲ್ಲ.
ಸಂಡೂರಿನ ಕಡೆಯ ಲಾರಿಗಳು ಅದಿರಿನ ಧೂಳೆಬ್ಬಿಸಿದಾಗ
ಮಾಸ್ಕಿನೊಳಗಿನ ಕಣ್ಣು ಎಲ್ಲಿಡಬೇಕು?
ಇಲ್ಲ.
ಆದರೂ ನಲವತ್ತೊಂದನೇ ಪುಟಕ್ಕೆ ಪೂರ್ತಿ ಅಂಕ:
ಎಂಟು ಮಂದಿ ಒಂದು ಕಡೆ ಮುಖ ಮಾಡಿ ನಿಂತಾಗ
ಅವರೆಲ್ಲರನ್ನೂ ಎದುರಿನಿಂದ ನೋಡುವವನು
ಕ್ಯಾಚರ್ ಒಬ್ಬನೇ, ಅಂತ.
'ಒಬ್ಬಳೇ' ಎಂದು ತಿದ್ದಿದೆ, ನೀಲಿ ಪೆನ್ನಿನಲ್ಲಿ.
ಒಂಬತ್ತನೇ ಇನ್ನಿಂಗ್ಸು ಗೆದ್ದಲು ತಿಂದಿದೆ.
ಯಾರು ಗೆದ್ದರೋ.
ನಾವು ಒಂಬತ್ತೂ ಜನ ಒಂಬತ್ತು ಥರ ಮುಗಿಸಿದೆವು.
ಸುಂಕಮ್ಮನದರಲ್ಲಿ ಎರಡೂ ಕಡೆಯವರು ಅಳುತ್ತಾರೆ.

ಒಂದು ದಿನ ಸೂಪರ್‌ವೈಸರ್ ಗಾದಿಲಿಂಗಣ್ಣ
ಬುಕ್ಕನ್ನು ತಿರುವುಮುರುವಾಗಿ ತೆರೆದ.
ನಿಂತೇ ಓದಿದ. ಕೈಯಲ್ಲಿದ್ದ ಚಹಾ ಕೆನೆಗಟ್ಟಿತು.
ಕೆಲಸ ಹೋಯಿತೆಂದು ನಾನು ಕತ್ತರಿ ಕೆಳಗಿಟ್ಟೆ.
ಅವನು ಕೇಳಿದ್ದಿಷ್ಟೇ:
'ನಾಲ್ಕು ಪೀಸ್ ರಿಜೆಕ್ಟ್ ಅಂತ ಬರ್ದೀಯಲ್ಲ ನಸ್ರೀನ್,
ವಾಪಸ್ ಕಳ್ಸಿ ರೊಕ್ಕ ಇಸ್ಕಂಡ್ಯೋ ಇಲ್ಲೋ?'

ನಿನ್ನೆ ಶಿಫ್ಟು ಬಿಟ್ಟಾಗ ಗೇಟಿನಲ್ಲಿ ಒಬ್ಬಳು ಹುಡುಗಿ,
ಎಂಟನೇ ಕ್ಲಾಸಿರಬಹುದು.
ಒಂದು ಕೈಯಲ್ಲಿ ಒಗ್ಗಾಣಿಯ ಪೊಟ್ಟಣ,
ಇನ್ನೊಂದರಲ್ಲಿ ಹೊಸ ಗ್ಲೌಸು, ಬೆಲೆಯ ಚೀಟಿ ಸಮೇತ.
'ಅಕ್ಕಾ, ಇದು ಹೆಂಗೈತಂತ ಬರೀರಿ.'
ಮೂಸಿದೆ. ಮುಷ್ಟಿಯಿಂದ ಎರಡು ಗುದ್ದಿದೆ.
ಚರ್ಮಕ್ಕೆ ಇನ್ನೂ ಯಾರ ಕೈಯ ಗುರುತೂ ಸಿಕ್ಕಿಲ್ಲ.
'ಹರಳೆಣ್ಣೆ ಹಚ್ಚು. ಕೊಬ್ಬರಿ ಎಣ್ಣೆ ಬ್ಯಾಡ, ಇಲಿ ಕಡೀತಾವೆ.
ಒಳಗೆ ಚೆಂಡಿಟ್ಟು, ಲಾಡಿ ಬಿಗಿದು,
ದಿಂಬಿನ ಕೆಳಗೆ ಹಾಕ್ಕಂಡು ಮಲಗು.
ದಸರಾ ಆದ ಮ್ಯಾಲೆ ತಗಂಬಾ.'

ಬುಕ್ಕಿನಲ್ಲಿ ಅವಳ ಹೆಸರು, ತಾರೀಖು ಬರೆದು
ಕೆಳಗೆ ಆರು ಸಾಲು ಖಾಲಿ ಬಿಟ್ಟಿದ್ದೇನೆ.